ಹಳೆಯ ಜೀಪು, ಹೊಸ ಬೇರಿಂಗ್ ಮತ್ತು ದುರಸ್ತಿಯ ವಿದ್ಯೆ

ಕಳೆದ ಕಡಲೆಕಾಯಿ ಸುಗ್ಗಿಯಲ್ಲಿ ಪಾವಗಡ ತಾಲ್ಲೂಕಿನ ಹೊಲಗಳಿಂದ ಮಣ್ಣಿನ ಮಾದರಿಗಳನ್ನು ಸಂಗ್ರಹಿಸಿಕೊಂಡು ಮಧುಗಿರಿಯ ಕಡೆಗೆ ಮರಳುತ್ತಿದ್ದೆ. ಹಳೆಯ ಜೀಪಿನ ಹಿಂಬದಿಯಲ್ಲಿ ನಾಲ್ವರು ವಿದ್ಯಾರ್ಥಿಗಳು ಕುಳಿತಿದ್ದರು. ಅವರ ಕಾಲ ಬಳಿ ಮಣ್ಣಿನ ಚೀಲಗಳಿದ್ದವು. ದಾರಿಯಲ್ಲಿ ಒಂದು ಕೆರೆಯ ಏರಿ. ಏರಿ ಮುಗಿಯುವಲ್ಲಿ ರಸ್ತೆ ಎಡಕ್ಕೆ ಹೊರಳಿ ಮತ್ತೆ ನೇರವಾಗುತ್ತದೆ. ಜೀಪು ಎಡಕ್ಕೆ ಹೊರಳಿತು. ಆದರೆ ಸ್ಟೇರಿಂಗ್ ಮರಳಲಿಲ್ಲ. ಕೈ ಸಡಿಲಿಸಿದೊಡನೆ ತಾನಾಗಿ ನೇರಕ್ಕೆ ಬರಬೇಕಾದ ಚಕ್ರ ತಿರುಗಿಸಿದಲ್ಲೇ ನಿಂತುಬಿಟ್ಟಿತ್ತು. ಎರಡೂ ಕೈಗಳಿಂದ ಬಲವಾಗಿ ಎಳೆದು, ಬ್ರೇಕ್ ತುಳಿದು ಜೀಪನ್ನು ನಿಲ್ಲಿಸಿದಾಗ ಎಡಗಡೆಯ ಮುಂಗಾಲಿಯು ಇಳಿಜಾರಿನ ಅಂಚಿನಿಂದ ಒಂದು ಮೊಳ ದೂರದಲ್ಲಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಮಕ್ಕಳು ಕೆಳಗಿಳಿದು ಹೊಂಗೆಮರದ ನೆರಳಿನಲ್ಲಿ ಮಾತಿಲ್ಲದೆ ಕುಳಿತರು. ನನಗೂ ಬಹಳ ಹೊತ್ತು ಮಾತು ಹೊರಡಲಿಲ್ಲ.

ಪರಿಸರ ಪತ್ರಿಕೆಯ ಸಂಪಾದಕೀಯದಲ್ಲಿ ಜೀಪಿನ ಕಥೆಯೇಕೆಂದು ಓದುಗರು ಕೇಳಬಹುದು. ಆ ದಿನದ ತಪ್ಪಿನ ಮೂಲವನ್ನು ಹುಡುಕಿಕೊಂಡು ಹೋದಾಗ ನಮ್ಮ ಬೆಟ್ಟಗಳ ಮಣ್ಣು, ನಮ್ಮ ಜಿಲ್ಲೆಯ ಅದಿರು, ನಮ್ಮ ಕೆರೆಗಳ ನೀರು ಹಾಗೂ ಕಣ್ಮರೆಯಾಗುತ್ತಿರುವ ಒಂದು ಕಸುಬು, ಇವೆಲ್ಲವೂ ಒಂದೊಂದಾಗಿ ಎದುರಾದವು. ಆದ್ದರಿಂದ ಈ ಬರಹ.

ಜೀಪು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ರೂಪುಗೊಂಡು, ಆರು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ವಾಹನವನ್ನು 1940ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯು ಜೋಡಿಸಲಾರಂಭಿಸಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ‘ಬಿ.ಡಿ.ಒ. ಜೀಪು’ ಎಂಬ ಮಾತು ಹಳ್ಳಿಯ ನುಡಿಯೊಳಗೇ ಸೇರಿಹೋಯಿತು. ಚನ್ನರಾಯನದುರ್ಗದ ತಪ್ಪಲಿನಲ್ಲಿರುವ ನಮ್ಮ ಮನೆಯ ಜೀಪು ಸಹ ಅಂಥದೇ ಒಂದು ಸರ್ಕಾರಿ ಹರಾಜಿನಲ್ಲಿ ನಮ್ಮ ತಂದೆಯವರು ಕೊಂಡದ್ದು. ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ಪುನಃ ಸಜ್ಜುಗೊಳಿಸುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಬಿಡುವಿದ್ದಾಗಲೆಲ್ಲ ಮಾಡುತ್ತ ಬಂದಿದ್ದೇನೆ.

ಸುಗ್ಗಿಗೆ ಮೊದಲು ಈ ಜೀಪಿಗೆ ಒಂದು ರೋಗವಿತ್ತು. ಗಂಟೆಗೆ ನಲವತ್ತು ಕಿಲೋಮೀಟರ್ ವೇಗ ದಾಟಿ ಹಳ್ಳಕ್ಕೆ ಬಿದ್ದೆದ್ದರೆ ಮುಂಗಾಲಿಗಳು ಗಡಗಡನೆ ಅದುರುತ್ತಿದ್ದವು. ಒಂದು ಗ್ಯಾರೇಜಿನಲ್ಲಿ ಅರ್ಧ ಗಂಟೆಯಲ್ಲಿ ‘ಸರಿಮಾಡಿ’ಕೊಟ್ಟರು. ಏನು ಮಾಡಿದಿರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಡುಕ ನಿಂತಿತು, ಸ್ಟೇರಿಂಗ್ ಬಿಗಿಯಾಯಿತು. ಬಿಗಿಯಾದದ್ದು ಒಳ್ಳೆಯದೇ ಎಂದುಕೊಂಡೆ. ಮಣ್ಣಿನ ಬಗ್ಗೆ ಡಾಕ್ಟರೇಟ್ ಪಡೆದವನು ಕಬ್ಬಿಣದ ಬಗ್ಗೆ ಪ್ರಶ್ನೆ ಕೇಳದೆ ಹಣ ಕೊಟ್ಟು ಬಂದೆ. ನಾಲ್ವರು ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ಹೋದವನೂ ನಾನೇ.

ಕೊನೆಗೆ ಜೀಪನ್ನು ಮೆಲ್ಲಗೆ ಶಿರಾಕ್ಕೆ ಒಯ್ದೆ. ಬೆಂಗಳೂರು–ಪುಣೆ ಹೆದ್ದಾರಿಯ ಊರಾದ್ದರಿಂದ ಅಲ್ಲಿ ಇಂದಿಗೂ ಹಳೆಯ ಗಾಡಿಗಳ ಮರ್ಮ ಬಲ್ಲವರಿದ್ದಾರೆ. ಅಂಥ ಒಬ್ಬ ವಯಸ್ಸಾದ ಮೇಸ್ತ್ರಿಗಳು ಜೀಪಿನ ಮುಂಭಾಗವನ್ನು ಜಾಕಿನಿಂದ ಎತ್ತಿದರು. ಜಾಕನ್ನಷ್ಟೇ ನಂಬದೆ ಆಕ್ಸಲಿನ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟರು. ಆಮೇಲೆ ಚಕ್ರವನ್ನು ಎಡಕ್ಕೂ ಬಲಕ್ಕೂ ಕೈಯಿಂದ ತಿರುಗಿಸಿ ನೋಡಿ, “ಸಾರ್, ಯಾರೋ ಶಿಮ್ಮೆಲ್ಲ ಕಿತ್ತು ಬಿಗಿದವ್ರೆ. ಸವೆದಿರೋ ಬೇರಿಂಗನ್ನ ಹಿಚುಕಿದ್ರೆ ಅದು ಹೊಸದಾಗ್ತದಾ?” ಎಂದರು.

ಇಲ್ಲಿ ಸ್ವಲ್ಪ ವಿವರ ಅಗತ್ಯ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಇಂಥ ವಾಹನದಲ್ಲಿ ಮುಂದಿನ ಆಕ್ಸಲಿನ ಎರಡು ತುದಿಗಳೂ ದೊಡ್ಡ ಗೋಳದಂತಿರುತ್ತವೆ. ಆ ಗೋಳವನ್ನು ಅಪ್ಪಿಕೊಂಡು ಚಕ್ರವನ್ನು ಹೊತ್ತ ಎರಕದ ಭಾಗಕ್ಕೆ ‘ನಕಲ್’ ಎನ್ನುತ್ತಾರೆ. ಬಾಗಿಲು ಮೇಲೊಂದು ಕೆಳಗೊಂದು ತಿರುಗಣಿಯ ಮೇಲೆ ತಿರುಗುವಂತೆ ನಕಲ್ ತಿರುಗುವುದು ಮೇಲಿನ ಹಾಗೂ ಕೆಳಗಿನ ಕಿಂಗ್‌ಪಿನ್ ಬೇರಿಂಗ್‌ಗಳ ಮೇಲೆ. ಇವು ಗುಂಡಿನ ಬೇರಿಂಗ್‌ಗಳಲ್ಲ. ಒಂದು ಕಡೆ ಕಿರಿದಾಗುತ್ತ ಹೋಗುವ ಉರುಳೆಗಳ ಬೇರಿಂಗ್‌ಗಳು. 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಅಮೆರಿಕದ ಸೇಂಟ್ ಲೂಯಿಸ್ ನಗರದ ಒಬ್ಬ ಕುದುರೆಗಾಡಿ ತಯಾರಕ. ಗಾಡಿ ತಿರುವಿನಲ್ಲಿ ಹೊರಳುವಾಗ ಅಚ್ಚಿನ ಮೇಲೆ ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಭಾರ ಬೀಳುತ್ತದೆ. ಇಳಿಜಾರು ಉರುಳೆ ಆ ಎರಡನ್ನೂ ಒಟ್ಟಿಗೆ ತಾಳಿಕೊಳ್ಳುತ್ತದೆ. ಎತ್ತಿನಗಾಡಿಯ ಗುಂಬಕ್ಕೆ ಕೀಲೆಣ್ಣೆ ಹಾಕಿ ಬೆಳೆದ ನಮ್ಮ ಹಿರಿಯರಿಗೆ ಇದರ ತತ್ತ್ವ ಅಪರಿಚಿತವೇನಲ್ಲ. ಉಜ್ಜುವುದನ್ನು ಉರುಳುವಂತೆ ಮಾಡಿದ್ದಷ್ಟೇ ವ್ಯತ್ಯಾಸ.

ಇಂಥ ಬೇರಿಂಗ್ ನಮ್ಮ ಸೀಮೆಯಲ್ಲಿ ಏಕೆ ಬೇಗ ಸವೆಯುತ್ತದೆ? ರಾಮನಗರದ ಹಳೆಯ ಹೆಸರನ್ನೇ ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯು ಮಧುಗಿರಿ, ಪಾವಗಡಗಳ ಮೂಲಕ ಉತ್ತರಕ್ಕೆ ಸಾಗುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಬಂಡೆ ಶಿಥಿಲವಾಗಿ ಮಣ್ಣಾಗುವಾಗ ಅದರಲ್ಲಿನ ಇತರ ಖನಿಜಗಳು ಕರಗಿ ಜೇಡಿಯಾಗುತ್ತವೆ. ಬೆಣಚು ಮಾತ್ರ ಕರಗದೆ ಮರಳಾಗಿ ಉಳಿಯುತ್ತದೆ. ನಮ್ಮ ಕೆಂಪು ಮರಳುಗೋಡಿನ ಧೂಳಿನಲ್ಲಿರುವುದು ಈ ಬೆಣಚಿನ ಕಣಗಳೇ. ಗಡಸುತನದಲ್ಲಿ ಅವು ಹದಗೊಳಿಸಿದ ಉಕ್ಕಿಗೆ ಸರಿಸಾಟಿ. ನಕಲ್ಲಿನ ಹಿಂಭಾಗದ ಸೀಲು ಹರಿದ ದಿನವೇ ಧೂಳು ಒಳಹೊಕ್ಕು ಗ್ರೀಸಿನೊಡನೆ ಬೆರೆತು ಸಾಣೆಯ ಹಿಟ್ಟಾಗುತ್ತದೆ. ನಾವು ಬಿಚ್ಚಿದಾಗ ಸಿಕ್ಕಿದ ಗ್ರೀಸು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಉಜ್ಜಿದರೆ ಗರಗರ ಎನ್ನುತ್ತಿತ್ತು. ಬೇರಿಂಗ್ ತಿಂದದ್ದು ನಾನು ಚೀಲದಲ್ಲಿ ಹೊತ್ತು ತಂದಿದ್ದ ಅದೇ ಮಣ್ಣು.

ಧೂಳಿನ ಜೊತೆಗೆ ಇನ್ನೊಂದು ಕಾರಣವೂ ಇದೆ. ಸಾಮಾನ್ಯ ಚಕ್ರದ ಬೇರಿಂಗ್ ಸುತ್ತುತ್ತಲೇ ಇರುತ್ತದೆ; ಸವೆತ ಎಲ್ಲ ಕಡೆ ಹಂಚಿಹೋಗುತ್ತದೆ. ಕಿಂಗ್‌ಪಿನ್ ಬೇರಿಂಗ್ ಹಾಗಲ್ಲ. ನೇರ ರಸ್ತೆಯಲ್ಲಿ ಅದು ಒಂದೇ ಕಡೆ ನಿಂತಿರುತ್ತದೆ, ರಸ್ತೆಯ ಪ್ರತಿ ಹೊಂಡದ ಪೆಟ್ಟೂ ಅದೇ ಉರುಳೆಯಿಂದ ಅದೇ ಜಾಗಕ್ಕೆ ಬೀಳುತ್ತದೆ. ವರ್ಷಗಳು ಕಳೆದಂತೆ ಬೇರಿಂಗಿನ ಬಟ್ಟಲಿನಲ್ಲಿ ಉರುಳೆಗಳ ಅಚ್ಚುಗಳು ಮೂಡುತ್ತವೆ. ನಮ್ಮ ಜೀಪಿನ ಬಟ್ಟಲುಗಳಲ್ಲಿ ಅವು ಉಗುರಿಗೆ ಸಿಗುವಷ್ಟು ಆಳವಾಗಿದ್ದವು. ಸಡಿಲವಿದ್ದಾಗ ಚಕ್ರ ನಡುಗಿತು. ಶಿಮ್ ತೆಗೆದು ಹಿಚುಕಿದಾಗ ಉರುಳೆಗಳು ಆ ಗುಳಿಗಳ ಅಂಚಿಗೆ ಸಿಕ್ಕಿಕೊಂಡವು, ಸ್ಟೇರಿಂಗ್ ಹಿಂದಿರುಗಲಿಲ್ಲ. ಏರಿಯ ಮೇಲೆ ಆದದ್ದು ಇದೇ.

ಪುನರ್ಜೋಡಣೆಗೆ ಎರಡು ದಿನ ಹಿಡಿಯಿತು. ಬಿಚ್ಚಿದ ಪ್ರತಿ ಭಾಗವನ್ನೂ ಎಡದ್ದು ಬಲದ್ದೆಂದು ಬೇರ್ಪಡಿಸಿ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟೆವು. ಯಾವ ಮುಚ್ಚಳದಡಿ ಎಷ್ಟು ಶಿಮ್ ಉಳಿದಿತ್ತೆಂದು ಪುಸ್ತಕದಲ್ಲಿ ಬರೆದುಕೊಂಡೆವು. ಹಳೆಯ ಬಟ್ಟಲುಗಳನ್ನು ಹಿತ್ತಾಳೆಯ ಸರಳಿನಿಂದ ಸುತ್ತ ಸಮನಾಗಿ ತಟ್ಟಿ ಹೊರತೆಗೆದರು. ಉಕ್ಕಿನ ಉಳಿ ತಾಗಿದರೆ ಕೂರುವ ಜಾಗಕ್ಕೇ ಗಾಯವಾಗುತ್ತದೆ. ಹೊಸ ಬಟ್ಟಲನ್ನು ಕೂರಿಸಲು ಹಳೆಯ ಬಟ್ಟಲನ್ನೇ ಮೇಲಿಟ್ಟು ಬಡಿದರು. ಓರೆಯಾಗಿ ಕುಳಿತ ಬಟ್ಟಲು ಒಂದೇ ಮಳೆಗಾಲದಲ್ಲಿ ಹಾಳಾಗುತ್ತದೆಂದು ಎಚ್ಚರಿಸಿದರು. ಪೂರ್ತಿ ಕುಳಿತಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ. ಅದನ್ನು ಕೇಳಿಸಿಕೊಳ್ಳಲು ಜೊತೆಯಲ್ಲಿ ಬಂದಿದ್ದ ವಿದ್ಯಾರ್ಥಿಗೆ ಹೇಳಿದರು. ಅನಂತರ ಅಂಗೈಯಲ್ಲಿ ಗ್ರೀಸಿಟ್ಟು, ಉರುಳೆಗಳ ನಡುವಿನಿಂದ ಮೇಲೆದ್ದು ಬರುವವರೆಗೆ ಒತ್ತಿ ತುಂಬಿಸಿದರು.

ಉಳಿದದ್ದು ಶಿಮ್‌ಗಳ ಲೆಕ್ಕ. ಶಿಮ್ ಎಂದರೆ ಮುಚ್ಚಳದ ಕೆಳಗೆ ಕೂರುವ ತೆಳುವಾದ ತಗಡಿನ ಉಂಗುರ. ಇಂಚಿನ ಸಾವಿರದಲ್ಲಿ ಮೂರು ಭಾಗ, ಐದು ಭಾಗ, ಹತ್ತು ಭಾಗ, ಹೀಗೆ ಅದರ ದಪ್ಪ. ಅತಿ ತೆಳುವಾದದ್ದು ನಮ್ಮ ತಲೆಗೂದಲಿನಷ್ಟು. ಶಿಮ್ ಹೆಚ್ಚಾದರೆ ಬೇರಿಂಗ್ ಸಡಿಲ, ಕಡಿಮೆಯಾದರೆ ಬಿಗಿ. ಸ್ಟೇರಿಂಗಿನ ಸರಳುಗಳನ್ನು ಜೋಡಿಸುವ ಮೊದಲು, ಸೀಲನ್ನೂ ಹಾಕದೆ, ನಕಲ್ಲಿನ ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ಅದು ಚಲಿಸಲು ಎಷ್ಟು ತೂಕ ಬೇಕೆಂದು ನೋಡಬೇಕು. ಆ ತೂಕ ತಯಾರಕರ ಕೈಪಿಡಿಯಲ್ಲಿರುತ್ತದೆ. ಮೇಸ್ತ್ರಿಗಳ ಬಳಿ ತಕ್ಕಡಿ ಇರಲಿಲ್ಲ. ನನ್ನ ಬಳಿ ಇತ್ತು. ಬೆಳೆ ಕಟಾವು ಪ್ರಯೋಗದಲ್ಲಿ ಐದು ಮೀಟರ್ ಉದ್ದಗಲದ ತಾಕಿನ ಕಡಲೆಕಾಯಿಯನ್ನು ತೂಗುವ ತಕ್ಕಡಿ ಅದು. ಅವರು ಮೊದಲು ತಮ್ಮ ಕೈ ಅಂದಾಜಿನಿಂದಲೇ ಎರಡೂ ಬದಿ ಜೋಡಿಸಿದರು. ತೂಗಿ ನೋಡಿದಾಗ ಎಡಬದಿ ಸರಿಯಾಗಿಯೇ ಇತ್ತು, ಬಲಬದಿ ತುಸು ಬಿಗಿ. ಅವರು ಮರುಮಾತಾಡದೆ ಮುಚ್ಚಳ ಬಿಚ್ಚಿ ಅತಿ ತೆಳುವಾದ ಒಂದು ಶಿಮ್ ಸೇರಿಸಿದರು. “ಈ ತಕ್ಕಡಿ ಎಲ್ಲಿ ಸಿಗ್ತದೆ ಸಾರ್?” ಎಂದು ಕೇಳಿದರು.

ಸ್ಟೇರಿಂಗ್ ಪೆಟ್ಟಿಗೆಯನ್ನೂ ಬಿಚ್ಚಿದೆವು. ಅದರೊಳಗಿನ ತಿರುಪು ಎರಡು ಕಡೆ ಬಿಡಿ ಗುಂಡುಗಳ ಮೇಲೆ ಕೂರುತ್ತದೆ. ಎಣಿಸದೆ ಬಿಚ್ಚಿದರೆ ಒಂದು ಗುಂಡು ಮಣ್ಣಿಗೆ ಉರುಳಿದ್ದು ಗೊತ್ತಾಗುವುದಿಲ್ಲ. ಆದ್ದರಿಂದ ಕೆಳಗೆ ತಟ್ಟೆಯಿಟ್ಟು ಎಣಿಸಿದೆವು. ಜೋಡಿಸುವಾಗ ಗ್ರೀಸಿನಲ್ಲಿ ಅಂಟಿಸಿ ಒಂದೊಂದಾಗಿ ಕೂರಿಸಿದೆವು. ಇಲ್ಲಿಯೂ ಶಿಮ್‌ಗಳಿವೆ. ಆದರೆ ಪರೀಕ್ಷೆಗೆ ತಕ್ಕಡಿ ಬೇಡ. ಪಕ್ಕದ ತಿರುಪಾಣಿಯನ್ನು ಸಡಿಲಿಸಿಟ್ಟು, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಸ್ಟೇರಿಂಗ್ ಚಕ್ರದ ಅಂಚನ್ನು ಹಗುರವಾಗಿ ಹಿಡಿದು ತಿರುಗಿಸಬೇಕು. ಸಲೀಸಾಗಿ ತಿರುಗಬೇಕು, ಜೊತೆಗೆ ತುಸು ತಡೆಯೂ ಬೆರಳಿಗೆ ತಿಳಿಯಬೇಕು. ಕೊನೆಯಲ್ಲಿ ಪಕ್ಕದ ತಿರುಪಾಣಿಯನ್ನು ಚಕ್ರಗಳು ನೇರವಿರುವ ಸ್ಥಿತಿಯಲ್ಲೇ ಹೊಂದಿಸಬೇಕು. ತಿರುಗಿದ ಸ್ಥಿತಿಯಲ್ಲಿ ಹೊಂದಿಸಿದರೆ ನೇರಕ್ಕೆ ಬಂದಾಗ ಬಿಗಿದುಕೊಳ್ಳುತ್ತದೆ.

ಒಟ್ಟು ನಾಲ್ಕು ಕಿಂಗ್‌ಪಿನ್ ಬೇರಿಂಗ್, ಎರಡು ಸೀಲು, ಒಂದಿಷ್ಟು ಶಿಮ್, ಎರಡು ದಿನದ ಕೂಲಿ. ಜೀಪನ್ನು ಗುಜರಿಗೆ ಕೊಟ್ಟುಬಿಡಿ ಎಂದು ಸಲಹೆ ನೀಡಿದವರು ಹಲವರಿದ್ದರು. ಅವರ ಮಾತನ್ನು ತಳ್ಳಿಹಾಕುವ ಮುನ್ನ ಪರಿಶೀಲಿಸುವುದು ನ್ಯಾಯ.

ಒಂದು ಟನ್ ಉಕ್ಕು ತಯಾರಿಸುವಾಗ ಜಾಗತಿಕ ಸರಾಸರಿಯಂತೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದಿರು ಎಲ್ಲಿಂದ ಬರುತ್ತದೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2011ರ ಜುಲೈನಲ್ಲಿ ಬಳ್ಳಾರಿಯಲ್ಲೂ ಆಗಸ್ಟ್‌ನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಸರ್ವೋಚ್ಚ ನ್ಯಾಯಾಲಯವು ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳ ಸ್ಥಿತಿಯನ್ನು ಕಂಡವರು ನಾವು. ನಾಲ್ಕು ಅಂಗೈಯಗಲದ ಬೇರಿಂಗ್ ಬದಲಿಸಿ ಒಂದು ಟನ್ನಿಗೂ ಮಿಕ್ಕಿದ ಉಕ್ಕನ್ನು ಬಳಕೆಯಲ್ಲಿ ಉಳಿಸಿಕೊಳ್ಳುವುದು ಸಾಧ್ಯವಿರುವಾಗ, ಬೆಟ್ಟವನ್ನು ಉಳಿಸಿ ಎಂದು ಘೋಷಣೆ ಕೂಗುವ ನಾವು ಅದನ್ನು ಹಗುರವಾಗಿ ಕಾಣಲಾಗದು.

ಆದರೆ ಹಳೆಯದೆಲ್ಲವೂ ಪರಿಸರಸ್ನೇಹಿ ಎಂಬ ಭ್ರಮೆಯೂ ನಮಗೆ ಬೇಡ. ಹಳೆಯ ಡೀಸೆಲ್ ಎಂಜಿನ್ನು ಹೊಸದಕ್ಕಿಂತ ಹೆಚ್ಚು ಹೊಗೆಯುಗುಳುತ್ತದೆ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸದಿರಲು ನಿಯಮವಾದದ್ದು ಅಕಾರಣವಾಗಿ ಅಲ್ಲ. ದಿನವೂ ನೂರು ಕಿಲೋಮೀಟರ್ ಓಡಬೇಕಾದವರಿಗೆ ಈ ಜೀಪನ್ನು ನಾನು ಶಿಫಾರಸು ಮಾಡಲಾರೆ. ಚಾಸಿ ತುಕ್ಕು ಹಿಡಿದು ಪುಡಿಯಾಗಿದ್ದರೆ, ಬ್ರೇಕ್ ನಂಬಲಾಗದಿದ್ದರೆ, ಹೊಗೆ ಪರೀಕ್ಷೆಯಲ್ಲಿ ಸೋತರೆ ಅದು ಗುಜರಿಗೆ ಹೋಗುವುದೇ ಸರಿ. ವಾರಕ್ಕೊಮ್ಮೆ ಹೊಲಕ್ಕೆ ಹೋಗಿಬರುವ, ಊರಿನಲ್ಲೇ ದುರಸ್ತಿಯಾಗುವ, ಪರೀಕ್ಷೆಗಳಲ್ಲಿ ಪಾರಾಗುವ ವಾಹನವನ್ನು ಮಾತ್ರ ಉಳಿಸಿಕೊಳ್ಳೋಣ.

ಇನ್ನೊಂದು ಮಾತನ್ನು ಯುವಕರಿಗೆ ನಿಷ್ಠುರವಾಗಿಯೇ ಹೇಳಬೇಕಾಗಿದೆ. ನಾಲ್ಕೂ ಚಕ್ರ ಎಳೆಯುವ ಗಾಡಿ ಸಜ್ಜಾದೊಡನೆ ಅದನ್ನು ರಸ್ತೆಯಿಲ್ಲದಲ್ಲಿ ಓಡಿಸಿ ನೋಡುವ ಆಸೆ ಹುಟ್ಟುತ್ತದೆ. ನಮ್ಮ ಕುರುಚಲು ಕಾಡು, ಹುಲ್ಲುಗಾವಲುಗಳು ಹೊರಗಿನವರ ಕಣ್ಣಿಗೆ ಬರಡಾಗಿ ಕಾಣುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಅಲ್ಲಿನ ಮಣ್ಣಿನ ಪದರ ಬಹಳ ತೆಳು. ತೇವದ ದಿನ ಒಂದು ಗಾಡಿಯ ಚಕ್ರ ಒತ್ತಿದ ಜಾಡು ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಅದರ ಮುಂದಿನ ಮಳೆಗೆ ಕೊರಕಲಾಗುತ್ತದೆ. ಜೀಪು ಬಂಡಿಜಾಡಿನಲ್ಲೇ ಹೋಗಲಿ. ಜಾಡು ಮುಗಿದಲ್ಲಿ ಇಳಿದು ನಡೆಯೋಣ.

ದುರಸ್ತಿಗೂ ತನ್ನದೇ ಆದ ಕೊಳೆಯಿದೆ. ಬೇರಿಂಗ್ ತೊಳೆದ ಡೀಸೆಲ್, ಹಳೆಯ ಗ್ರೀಸು, ಗೇರ್ ಎಣ್ಣೆ ಎಲ್ಲಿಗೆ ಹೋಗುತ್ತವೆ? ಸಾಮಾನ್ಯವಾಗಿ ಗ್ಯಾರೇಜಿನ ಹಿಂದಿನ ಚರಂಡಿಗೆ, ಅಲ್ಲಿಂದ ಕೆರೆಗೆ. ಒಂದು ವಾಹನದಿಂದ ಒಮ್ಮೆ ಬದಲಿಸಿದ ಎಂಜಿನ್ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡದಂಥ ತಾಲ್ಲೂಕಿನಲ್ಲಿ ಉಳಿದಿರುವ ಒಂದು ಒಳ್ಳೆಯ ಬಾವಿಯನ್ನೂ ಕಳೆದುಕೊಳ್ಳುವ ಐಷಾರಾಮ ನಮಗಿಲ್ಲ. ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದರೆ ಚರಂಡಿಗೆ ಸುರಿದ ಎಣ್ಣೆಯನ್ನು ಯಾವ ನಿಯಮವೂ ಹಿಂದಕ್ಕೆ ತರಲಾರದು. ನಾವು ತೊಳೆದ ಡೀಸೆಲನ್ನು ಡಬ್ಬಿಯಲ್ಲಿ ತುಂಬಿಟ್ಟು, ಹಳೆಯ ಎಣ್ಣೆ ಕೊಳ್ಳುವವರು ಬರುವವರೆಗೆ ಮುಚ್ಚಳ ಹಾಕಿ ಇಟ್ಟೆವು. ಅದಕ್ಕೆ ಬೇಕಾದದ್ದು ಒಂದು ಡಬ್ಬಿ ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕಾಡುತ್ತಿರುವುದು ಮೇಸ್ತ್ರಿಗಳ ಇನ್ನೊಂದು ಮಾತು. ಕೆಲಸ ಕಲಿಯಲು ಹುಡುಗರು ಬರುತ್ತಾರೆಯೇ ಎಂದು ಕೇಳಿದ್ದಕ್ಕೆ, “ಬರ್ತಾರೆ ಸಾರ್, ಮೂರು ತಿಂಗಳು ಇದ್ದು ಬೆಂಗಳೂರಿಗೆ ಹೋಗ್ತಾರೆ” ಎಂದರು. ನಮ್ಮ ಕೆರೆಗಳ ನೀರಗಂಟಿಗಳ ವಿಷಯದಲ್ಲೂ ಆದದ್ದು ಇದೇ. ಯಾವ ತೂಬನ್ನು ಯಾವಾಗ ಎಷ್ಟು ಎತ್ತಬೇಕೆಂದು ಬಲ್ಲವರು ಹೋದ ಮೇಲೆ, ತೂಬು ಇದ್ದೂ ನೀರು ನಿಲ್ಲದ ಕೆರೆಗಳು ಉಳಿದವು. ವಸ್ತುವನ್ನು ಉಳಿಸಿ ಅದರ ವಿದ್ಯೆಯನ್ನು ಕಳೆದುಕೊಂಡರೆ ವಸ್ತುವೂ ಉಳಿಯುವುದಿಲ್ಲ.

ಜಗತ್ತಿನಲ್ಲಿ ಇಂದು ಇದೇ ವಿಷಯಕ್ಕೆ ಹೋರಾಟ ನಡೆದಿದೆ. ತಮ್ಮ ಟ್ರ್ಯಾಕ್ಟರನ್ನು ತಾವೇ ದುರಸ್ತಿ ಮಾಡಿಕೊಳ್ಳಲು ಬೇಕಾದ ಮಾಹಿತಿ, ಉಪಕರಣಗಳನ್ನು ಕಂಪನಿಗಳು ಕೊಡಲೇಬೇಕೆಂದು ಅಮೆರಿಕದ ರೈತರು ವರ್ಷಗಟ್ಟಲೆ ಹೋರಾಡಿದರು. ಕೃಷಿ ಯಂತ್ರಗಳಿಗೆ ಅಂಥ ಕಾನೂನನ್ನು 2023ರಲ್ಲಿ ಮೊದಲು ತಂದದ್ದು ಕೊಲೊರಾಡೊ ರಾಜ್ಯ. ನಮ್ಮಲ್ಲಿಯೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿ, ಡಿಸೆಂಬರ್‌ನಲ್ಲಿ ಅದಕ್ಕಾಗಿ ಜಾಲತಾಣ ತೆರೆಯಿತು. ಕೃಷಿ ಉಪಕರಣ ಮತ್ತು ವಾಹನಗಳು ಅದರ ವ್ಯಾಪ್ತಿಯಲ್ಲಿವೆ. ಮುಂದೆ ವಿದ್ಯುತ್ ವಾಹನಗಳು ನಮ್ಮ ಹಳ್ಳಿಗಳಿಗೂ ಬರುತ್ತವೆ. ಪಾವಗಡದ ತಿರುಮಣಿ ಸುತ್ತಲಿನ ಸುಮಾರು 13,000 ಎಕರೆಯ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನದ ವಿದ್ಯುತ್ತಿನಿಂದಲೂ ಅವು ಓಡಬಹುದು. ಆದರೆ ಅವುಗಳ ಸ್ಟೇರಿಂಗಿಗೂ ಚಕ್ರಕ್ಕೂ ಬೇರಿಂಗ್ ಇರುತ್ತದೆ, ನಮ್ಮ ಬೆಣಚಿನ ಧೂಳು ಅವುಗಳನ್ನೂ ಬಿಡುವುದಿಲ್ಲ. ಹಕ್ಕು ಕಾಗದದ ಮೇಲೆ ದೊರೆತಾಗ ಅದನ್ನು ಬಳಸುವ ಕೈಗಳು ಊರಿನಲ್ಲಿ ಇರಬೇಕಲ್ಲವೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಒಂದೇ ಶೈಕ್ಷಣಿಕ ಜಿಲ್ಲೆ. ಪ್ರೌಢಶಾಲೆಯಲ್ಲಿ ಘರ್ಷಣೆಯ ಪಾಠ ಓದುವ ಮಕ್ಕಳಿಗೆ ಒಂದು ಹಳೆಯ ಬೇರಿಂಗನ್ನು ಕೈಗೆ ಕೊಟ್ಟು ಬಿಚ್ಚಿಸುವುದು ಕಷ್ಟದ ಮಾತಲ್ಲ. ನಮ್ಮ ಬಳಗದ ಮುಂದೆ ಈ ಮೂರು ಸಲಹೆಗಳನ್ನು ಇಡುತ್ತಿದ್ದೇನೆ. ಪ್ರತಿ ವರ್ಷ ಮುಂಗಾರಿಗೆ ಮೊದಲು, ಕೂರಿಗೆ ಹೊರಬೀಳುವ ಮುನ್ನ, ಹೋಬಳಿಗೊಂದು ದುರಸ್ತಿ ದಿನ ನಡೆಯಲಿ. ಸಿಂಪಡಣೆ ಯಂತ್ರ, ಪಂಪ್‌ಸೆಟ್, ಟೈರ್ ಗಾಡಿಯ ಗುಂಬ, ಸೈಕಲ್, ಏನಿದ್ದರೂ ತರಲಿ. ಅಲ್ಲಿನ ಹಿರಿಯ ಮೇಸ್ತ್ರಿಗಳನ್ನು ಗುರುಗಳಾಗಿ ಕರೆದು ಗೌರವಧನ ಕೊಟ್ಟು ಕೂರಿಸೋಣ, ಐ.ಟಿ.ಐ. ಮತ್ತು ಕಾಲೇಜಿನ ವಿದ್ಯಾರ್ಥಿಗಳು ಅವರು ಹೇಳಿದ್ದನ್ನು ಬರೆದಿಡಲಿ. ಪ್ರತಿ ಗ್ಯಾರೇಜಿನ ಬಾಗಿಲಲ್ಲಿ ಹಳೆಯ ಎಣ್ಣೆಗೆ ಮುಚ್ಚಳವಿರುವ ಒಂದು ಡ್ರಮ್ ಇರಲಿ.

ವಾಹನ ಇರುವ ಓದುಗರಲ್ಲಿ ಒಂದು ವಿನಂತಿ. ನಾಳೆ ಬೆಳಗ್ಗೆ ಜೀಪೋ ಟ್ರ್ಯಾಕ್ಟರೋ ಹೊರಡುವ ಮುನ್ನ ಮುಂಗಾಲಿಯನ್ನು ಎತ್ತಿ, ಕೆಳಗೆ ದಿಮ್ಮಿ ಕೊಟ್ಟು, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸಿ ನೋಡಿ. ಅಲುಗಿದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಬ್ರೇಕ್ ತುಳಿದಾಗ ಅಲುಗಾಟ ನಿಂತರೆ ಸಡಿಲವಿರುವುದು ಚಕ್ರದ ಬೇರಿಂಗ್; ನಿಲ್ಲದಿದ್ದರೆ ಕಿಂಗ್‌ಪಿನ್ ಇರಬಹುದು. ಎರಡರಲ್ಲಿ ಯಾವುದಾದರೂ ಸರಿ, ಬಲ್ಲವರ ಬಳಿ ಹೋಗಿ, ಅವರು ಏನು ಮಾಡುತ್ತಾರೆಂದು ಪಕ್ಕದಲ್ಲಿ ನಿಂತು ಕೇಳಿ. ನಾನು ಕೇಳದೆ ಬಂದೆ. ಏರಿಯ ಅಂಚಿನಲ್ಲಿ ಉಳಿದಿದ್ದ ಆ ಒಂದು ಮೊಳದ ದೂರ ನನ್ನ ಜಾಣತನದಿಂದ ಉಳಿದದ್ದಲ್ಲ.